ಕೈಬಿಗಿ ಆಸಾಮಿ

ಅಲ್ಲ ಕಣೇ, ಮೊದಲು ಆ ಸ್ಕ್ರೂಡ್ರೈವರ್ ಕೆಳಗಿಡು. ಆಯಿಲ್ ಫಿಲ್ಟರ್ ಬಿಚ್ಚುವುದಕ್ಕೆ ಅದನ್ನು ಹಿಡಿದುಕೊಂಡು ಹೊರಟಿದ್ದೀಯಲ್ಲ, ನಿನಗೆ ಹೇಳುವವರು ಕೇಳುವವರು ಯಾರೂ ಇಲ್ಲವೇ? ವ್ಯಾನು ಎಲ್ಲಿಗೂ ಓಡಿಹೋಗುವುದಿಲ್ಲ. ಕೂತುಕೋ. ಹೇಗೂ "ಅಜ್ಜೀ, ಏನಾದರೂ ಹೇಳು, ಬರೆದುಕೊಳ್ಳುತ್ತೇನೆ" ಎಂದು ಪ್ರಾಣ ತಿನ್ನುತ್ತಿದ್ದೀಯ. ಪೆನ್ನು ತಗೋ. ನನ್ನ ತಮ್ಮನ ಕಥೆ ಹೇಳುತ್ತೇನೆ. ಕೊನೆಗೆ ಏನಾಯಿತು ಎಂಬುದು ನಿನಗೆ ಗೊತ್ತು, ಓದುವವರಿಗೆ ಗೊತ್ತಿಲ್ಲ. ನಡುವೆ ಬಾಯಿ ಹಾಕಿ ಕೆಡಿಸಬೇಡ.

ನನ್ನ ತಮ್ಮ ವ್ಯಾನು ರಿಪೇರಿಯ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ. ಎತ್ತರದ ಆಳು. ಬಾನೆಟ್ಟಿನ ಕೆಳಗೆ ಬಗ್ಗಿ ಬಗ್ಗಿ ಬೆನ್ನು ಕೊಡೆಯ ಹಿಡಿಯ ಹಾಗೆ ಆಗಿತ್ತು. ಮಾತು ಮಾತ್ರ ಕೇಳಬೇಡ. ಬಾಯಿ ತೆರೆದರೆ ಮುತ್ತು ಉದುರೀತು ಎನ್ನುವವನ ಹಾಗೆ ಮುಚ್ಚಿಕೊಂಡೇ ಇರುತ್ತಿದ್ದ. ಗ್ಯಾರೇಜಿನವರು ಅವನನ್ನು 'ಗುಮ್ಮ' ಎನ್ನುತ್ತಿದ್ದರು. ನಾನು ಬೈದರೂ ಅದೇ ಮುಖ, ಹೊಗಳಿದರೂ ಅದೇ ಮುಖ. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಬೇಡ ಎಂದವನೂ ಅಲ್ಲ, ಬೇಕು ಎಂದವನೂ ಅಲ್ಲ. ಅಪ್ಪ ಹೋದರು, ನಾವು ಅಕ್ಕತಂಗಿಯರು ನಮ್ಮ ನಮ್ಮ ಮನೆ ಸೇರಿಕೊಂಡೆವು, ಇವನ ಸರದಿ ಬಂದಾಗ ಕೇಳುವವರು ಯಾರೂ ಉಳಿದಿರಲಿಲ್ಲ, ಅಷ್ಟೇ. ಗ್ಯಾರೇಜಿನ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದ. ಒಂದು ಮಂಚ, ಒಂದು ಸ್ಟವ್, ಗೋಡೆಗೆ ಒಂದು ಕನ್ನಡಿ. ಎರಡು ಲೋಟ ಇಟ್ಟುಕೊಂಡಿದ್ದ. ಎರಡನೆಯದು ಯಾರಿಗೋ ಎಂದು ನಾನು ಒಂದು ಸಲ ಕೇಳಿದ್ದೆ. "ಒಂದು ಒಡೆದ್ರೆ?" ಎಂದ. ಅಂಥವನು.

ಈಗ ಫಿಲ್ಟರ್ ಎಂದರೇನು ಎನ್ನುವುದನ್ನು ಬರೆ, ಎಲ್ಲರೂ ನಿನ್ನ ಹಾಗೆ ಗಾಡಿ ಹುಚ್ಚಿನವರಲ್ಲ. ಇಂಜಿನ್ನಿಗೆ ಅಂಟಿಕೊಂಡ ಒಂದು ತಗಡಿನ ಡಬ್ಬಿ. ನಮ್ಮ ಅಡುಗೆಮನೆಯ ಸೋಸುವ ಬಟ್ಟೆ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಎಣ್ಣೆಯ ಕೊಳೆಯನ್ನೆಲ್ಲ ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಎಣ್ಣೆ ಬದಲಾಯಿಸುವಾಗ ಹಳೆಯ ಡಬ್ಬಿಯನ್ನು ಮುಚ್ಚಳದಂತೆ ತಿರುಗಿಸಿ ಬಿಚ್ಚಬೇಕು, ಹೊಸದನ್ನು ತಿರುಗಿಸಿ ಹಾಕಬೇಕು. ಹೇಳುವುದಕ್ಕೆ ಸುಲಭ. ಆದರೆ ಅದು ಇರುವುದು ಕೊಳವೆಗಳ ಸಂದಿಯಲ್ಲಿ, ಮೈಯೆಲ್ಲ ಎಣ್ಣೆ, ಮೇಲೆ ಬಿಸಿ. ಹಿಂದಿನ ಸಲ ಹಾಕಿದವರು ಮೈಮೇಲೆ ಬಂದವರ ಹಾಗೆ ಬಿಗಿದಿದ್ದರಂತೂ ಮುಗಿಯಿತು.

ಒಂದು ದಿನ ಹಾಗೇ ಆಯಿತು. ಎಲ್ಲಿಂದಲೋ ಬಂದ ವ್ಯಾನು, ಯಾರೋ ಬಿಗಿದ ಫಿಲ್ಟರ್. ಕೈಯಲ್ಲಿ ತಿರುಗಲಿಲ್ಲ. ವ್ಯಾನಿನವನು ತಲೆಯ ಮೇಲೆ ನಿಂತು ಅವಸರ ಮಾಡುತ್ತಿದ್ದ. ಇವನು ಸ್ಕ್ರೂಡ್ರೈವರನ್ನು ಡಬ್ಬಿಯ ಮೈಯಲ್ಲಿ ಈಚೆಯಿಂದ ಆಚೆಗೆ ಹೊಡೆದು, ಅದನ್ನೇ ಹಿಡಿಯಾಗಿ ಮಾಡಿ ಎಳೆದ. ಡಬ್ಬಿ ತಿರುಗಲಿಲ್ಲ, ತಗಡು ಹರಿಯಿತು. ಕೈ ಜಾರಿ ಹರಿದ ಅಂಚಿನ ಮೇಲೆ ಹೋಯಿತು. ಹೊಲಿಗೆ ಹಾಕಿದರು, ಗಾಯ ಮಾಯಿತು, ಹೆಬ್ಬೆರಳು ಮಾತ್ರ ಮೊದಲಿನ ಹಾಗೆ ಅಂಗೈಗೆ ಮಡಚಲಿಲ್ಲ. ಹಿಡಿತದ ಬಲ ಹೋಯಿತು. ಈಗ ಗೊತ್ತಾಯಿತಾ ನಿನ್ನ ಮೇಲೆ ಯಾಕೆ ಕೂಗಿದ್ದು?

ಗ್ಯಾರೇಜಿನ ಯಜಮಾನರನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಗಂಟಲು ದೊಡ್ಡದು, ಮನಸ್ಸು ಒಳ್ಳೆಯದು. "ಕೈ ಹೋದ್ರೇನಂತೆ, ಪಾನಾ ಯಾಕಿದೆ? ಹೋಗಿ ನಿನಗೆ ಹಿಡಿಸಿದ್ದು ತಗೊಂಡು ಬಾ" ಎಂದರು. ಪಾನಾ ಎಂದರೆ ಸ್ಪ್ಯಾನರ್. ಅವನ ಕೈ ಇನ್ನೂ ನೆಟ್ಟಗಾಗಿರಲಿಲ್ಲ, ಅಂಗಡಿಯಲ್ಲಿ ಬಾಯಿಯೂ ಬಿಡುವುದಿಲ್ಲ ಎಂದು ನಾನೇ ಜೊತೆಗೆ ಹೋದೆ. ಬಿಡಿಭಾಗಗಳ ಅಂಗಡಿ ಉದ್ದಕ್ಕೆ ಓಣಿಯ ಹಾಗಿತ್ತು. ಸೂರಿನಿಂದ ಬೆಲ್ಟುಗಳು ಹಾವಿನಂತೆ ಜೋತುಬಿದ್ದಿದ್ದವು. ಅಂಗಡಿಯವನು ಬಾಯಾಳಿ.

"ಏನಮ್ಮಾ, ಸೊಸೆಗೆ ಸೀರೆ ಆರಿಸೋಕೆ ಬಂದ ಹಾಗೆ ಬಂದಿದ್ದೀರಾ?"

"ಸೊಸೆ ಬರೋ ಹಾಗಿದ್ರೆ ನಿನ್ನ ಅಂಗಡಿಗೆ ಯಾಕಪ್ಪಾ ಬರ್ತಿದ್ದೆ? ಫಿಲ್ಟರ್ ಬಿಚ್ಚೋ ಸಾಮಾನು ತೋರಿಸು."

ಅವನು ಒಂದೊಂದೇ ತೆಗೆದು ಹರಡಿದ. ಮೊದಲು ಬಟ್ಟಲಿನಂಥದ್ದು. ಫಿಲ್ಟರಿನ ತುದಿಗೆ ಟೋಪಿ ತೊಡಿಸಿದ ಹಾಗೆ ತೊಡಿಸಿ ತಿರುಗಿಸುವುದು. ನನ್ನ ತಮ್ಮ ಅದನ್ನು ತಿರುವಿ ನೋಡಿ, "ಅಳತೆ" ಎಂದ. ಒಂದು ಅಳತೆಯ ಟೋಪಿ ಇನ್ನೊಂದು ತಲೆಗೆ ಕೂರುವುದಿಲ್ಲ, ಅವನ ಗ್ಯಾರೇಜಿಗೆ ಬರುವ ತಲೆಗಳೋ ಹತ್ತಾರು ಬಗೆ. ಆಮೇಲೆ ಸರಪಳಿಯದು. ಹಿಡಿತವೇನೋ ಭೂತದ್ದು. "ತಗಡು ನಲುಗುತ್ತೆ" ಎಂದ. ಆಮೇಲೆ ಮೂರು ಕಾಲಿನದು, ಏಡಿಯ ಹಾಗೆ ಕಚ್ಚಿಕೊಳ್ಳುತ್ತದೆ. ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದ. ಕೊನೆಗೆ "ಸಂದಿಯಲ್ಲಿ ಕಾಲು ಬಿಚ್ಚೋಕೆ ಜಾಗ ಎಲ್ಲಿ?" ಎಂದ.

"ಏನಣ್ಣಾ, ಹುಡುಗಿ ಒಪ್ಪಿಗೆಯಾಗ್ಲಿಲ್ವಾ?" ಎಂದು ಅಂಗಡಿಯವನು ನಕ್ಕ.

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ?" ಎಂದ ನನ್ನ ತಮ್ಮ. ಅವನ ಬಾಯಲ್ಲಿ ಗಾದೆ ಬಂದದ್ದು ನಾನು ಕೇಳಿದ್ದು ಅದೇ ಮೊದಲು.

ಅವನಿಗೆ ಬೇಕಾದದ್ದು ಪಟ್ಟಿಯದು. ಒಂದು ಚೌಕದ ಕಬ್ಬಿಣದ ಸರಳು, ಅದಕ್ಕೆ ಸಿಕ್ಕಿಸಿದ ಪಟ್ಟಿ. ಪಟ್ಟಿಯನ್ನು ಡಬ್ಬಿಗೆ ಸುತ್ತಿ ಸರಳನ್ನು ತಿರುಗಿಸಿದರೆ ತಾನೇ ಬಿಗಿಯಾಗುತ್ತಾ ಹೋಗುತ್ತದೆ. ಎಲ್ಲ ಅಳತೆಗೂ ಆಗುತ್ತದೆ, ಸಂದಿಯಲ್ಲೂ ತೂರುತ್ತದೆ, ತಗಡೂ ನಲುಗುವುದಿಲ್ಲ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುತ್ತೇವಲ್ಲ, ಹಾಗೆ. ಅಂಗಡಿಯಲ್ಲಿದ್ದ ಪಟ್ಟಿ ಮಾತ್ರ ರಬ್ಬರಿನದು, ಎಳೆದರೆ ಅಂಚಿನಲ್ಲಿ ಬಿರುಕು ಕಾಣುತ್ತಿತ್ತು. "ಸರಳು ಕೊಡ್ತೀನಿ. ಪಟ್ಟಿ ಬೇಕಾದ್ರೆ ನಿಮ್ಮ ಗ್ಯಾರೇಜ್ ಎದುರಿಗೇ ಸೀಟಮ್ಮ ಇದಾರಲ್ಲ, ಹೊಲಿಸ್ಕೋ" ಎಂದ ಅಂಗಡಿಯವನು.

ಸೀಟಮ್ಮ ಎಂದರೆ ಗಾಡಿಗಳ ಸೀಟು ಹೊಲಿಯುವವಳು. ಗಂಡ ತೀರಿಕೊಂಡ ಮೇಲೆ ಅವನ ಅಂಗಡಿಯನ್ನು ತಾನೇ ನಡೆಸುತ್ತಿದ್ದಳು. ಚಿಕ್ಕ ಅಂಗಡಿ. ಅರ್ಧ ಜಾಗ ಸ್ಪಂಜಿನ ಹಾಳೆಗಳಿಗೆ, ಇನ್ನರ್ಧ ಒಂದು ಭಾರದ ಹೊಲಿಗೆ ಯಂತ್ರಕ್ಕೆ, ಉಳಿದ ಅಂಗೈಯಗಲದಲ್ಲಿ ಅವಳು. ಮುಡಿಯಲ್ಲಿ ಸೀಮೆಸುಣ್ಣದ ತುಂಡು ಸಿಕ್ಕಿಸಿಕೊಳ್ಳುತ್ತಿದ್ದಳು. ಬಾಯಲ್ಲಿ ದಾರ ಕಚ್ಚಿಕೊಂಡೇ ಊರಿನ ಸುದ್ದಿಯೆಲ್ಲ ಮಾತಾಡುತ್ತಿದ್ದಳು. ನನಗೆ ಮೊದಲ ದಿನವೇ ಹಿಡಿಸಿದಳು.

ಒಂದು ಹಳೆಯ ಸೀಟ್ ಬೆಲ್ಟನ್ನು ಕತ್ತರಿಸಿ ಪಟ್ಟಿ ಹೊಲಿದುಕೊಟ್ಟಳು. ಮೊದಲನೆಯದು ಹೊಲಿಗೆಯಲ್ಲಿ ಬಿಟ್ಟುಕೊಂಡಿತು. ಎರಡನೆಯದು ಹೊಲಿಗೆ ಗಟ್ಟಿ, ಆದರೆ ಎಣ್ಣೆಗೆ ಜಾರಿತು. ನನ್ನ ತಮ್ಮ ಅದನ್ನು ತೆಗೆದುಕೊಂಡು ಹೋಗಿ ಅವಳ ಮುಂದೆ ಇಟ್ಟು ನಿಂತ.

"ಏನ್ರೀ ಇದು, ಜಾರ್ತಾ?"

ತಲೆಯಾಡಿಸಿದ.

"ಬಾಯಲ್ಲಿ ಹೇಳಿದ್ರೆ ಬಾಡಿಗೆ ಕೇಳ್ತೀನಾ ನಾನು?"

"ಜಾರ್ತು" ಎಂದ.

ಅವಳು ನಕ್ಕು, ಪಟ್ಟಿಯ ಒಳಮೈಗೆ ಒರಟು ಕ್ಯಾನ್ವಾಸಿನ ತುಂಡು ಸೇರಿಸಿ ಹೊಲಿದಳು. ಅದು ಕಚ್ಚಿ ಹಿಡಿಯಿತು. ಅಲ್ಲಿಗೆ ಕೆಲಸ ಮುಗಿಯಬೇಕಿತ್ತು. ಆದರೆ ಇವನು ಅಗಲ ಸ್ವಲ್ಪ ಕಡಿಮೆ ಮಾಡಿ ಎಂದು ಹೋದ. ಆಮೇಲೆ ಉದ್ದ ಸ್ವಲ್ಪ ಜಾಸ್ತಿ ಮಾಡಿ ಎಂದು ಹೋದ. ದೊಡ್ಡ ಗಾಡಿಗೆ ಬೇರೆ, ಚಿಕ್ಕ ಗಾಡಿಗೆ ಬೇರೆ. ಅವಳು ಚಹಾ ತರಿಸುತ್ತಿದ್ದಳು, ಇವನು ಅವಳ ಯಂತ್ರಕ್ಕೆ ಎಣ್ಣೆ ಹಾಕಿಕೊಡುತ್ತಿದ್ದ. ಇಷ್ಟು ಪಟ್ಟಿಗಳನ್ನು ಇಟ್ಟುಕೊಂಡು ಏನೋ ಮಾಡುತ್ತೀ ಎಂದರೆ ಕಿವಿ ಕೆಂಪಾಗುತ್ತಿತ್ತು. ಆದರೆ ಮಾತು? ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರಂತೆ, ಹಾಗೆ ಕೂತಿದ್ದ ಮಹಾರಾಯ. ಒಂದು ಭಾನುವಾರ ನನ್ನ ಮನೆಗೆ ಬಂದು, ಬಟ್ಟೆ ಒಣಹಾಕುತ್ತಿದ್ದ ನನ್ನ ಹಿಂದೆ ಹಿಂದೆ ಓಡಾಡಿದ.

"ಅಕ್ಕಾ, ನೀನು ಕೇಳ್ತೀಯಾ?"

"ಏನು ಕೇಳ್ಬೇಕೋ?"

"ಅದೇ."

"ಅದೇ ಅಂದ್ರೆ ಯಾವುದು? ಬಕೆಟ್ ಎತ್ತು ಸ್ವಲ್ಪ."

ಬಕೆಟ್ ಎತ್ತಿದ. "ಸೀಟಮ್ಮನ್ನ" ಎಂದ.

ಅವನ ಮುಖ ನೋಡಿದೆ. ತಮಾಷೆ ಮಾಡಬೇಕು ಎಂದುಕೊಂಡವಳು ಅದನ್ನು ಬಿಟ್ಟು, ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿಗೇ ಹಾಕಿದೆ. ಆ ಮುಖವನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಈ ಮನುಷ್ಯ ತನ್ನ ಆಯುಸ್ಸಿನಲ್ಲಿ ಕೇಳಿದ್ದು ಅದೊಂದೇ. ಸಿಕ್ಕದಿದ್ದರೆ ಇನ್ನೊಂದು ಸಲ ಬಾಯಿ ಬಿಟ್ಟು ಏನನ್ನೂ ಕೇಳುವುದಿಲ್ಲ ಎನ್ನುವುದು ಅವನ ಬೆನ್ನು ನೋಡಿದರೇ ತಿಳಿಯುತ್ತಿತ್ತು.

ಹೋಗಿ ಕೇಳಿದೆ. ಸೀಟಮ್ಮ ದಾರವನ್ನು ಬಾಯಿಂದ ತೆಗೆದಳು. ಬೇಡ ಎನ್ನಲಿಲ್ಲ. "ಸ್ವಲ್ಪ ಯೋಚನೆ ಮಾಡಿ ಹೇಳ್ತೀನಕ್ಕಾ" ಎಂದಳು, ಮುಖದಲ್ಲಿ ಬೆಳಕಿತ್ತು. ನಾನು ಆಗಲೇ ಮನಸ್ಸಿನಲ್ಲಿ ಪಾತ್ರೆ ಜೋಡಿಸಿಬಿಟ್ಟೆ. ನನ್ನ ಬುದ್ಧಿಯೇ ಹಾಗೆ, ನಿನ್ನ ತಾತ ಹೇಳುತ್ತಿದ್ದರು, ಹೊಳೆ ಕಾಣುವ ಮೊದಲೇ ಸೀರೆ ಎತ್ತಿ ಕಟ್ಟುತ್ತೀಯ ಎಂದು. ಪಾಪ, ಅವರು ಇದ್ದಿದ್ದರೆ ಈ ಕಥೆಯನ್ನು ಇನ್ನೂ ಚೆನ್ನಾಗಿ ಹೇಳುತ್ತಿದ್ದರು. ಇರಲಿ.

ವಾರ ಕಳೆಯಿತು. ನನ್ನ ತಮ್ಮ ಪಟ್ಟಿ ಹಿಡಿದುಕೊಂಡು ಹೋದರೆ, ಅವಳು ತಲೆ ಎತ್ತದೆ, "ಈಗ ಕೆಲಸ ಜಾಸ್ತಿ ಇದೆ, ಬೇರೆ ಕಡೆ ಹೊಲಿಸ್ಕೊಳ್ಳಿ" ಎಂದಳಂತೆ. ಚಹಾ ಇಲ್ಲ, ಮಾತಿಲ್ಲ. ಇವನು ಬಂದು ನನ್ನ ಜಗಲಿಯ ಮೇಲೆ ಕೂತ. "ಬಿಡಕ್ಕಾ" ಎಂದ. ಅಷ್ಟೇ. ಊಟಕ್ಕೆ ಕರೆದರೆ ಬರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಹರಿದ ಸ್ಟೂಲಿನ ಕವರು ನೆಪಮಾಡಿಕೊಂಡು ಅವಳ ಅಂಗಡಿಗೆ ಹೋದೆ.

"ಏನಮ್ಮಾ, ನನ್ನ ತಮ್ಮನ ಮೇಲೆ ಯಾಕೆ ಕೋಪ?"

"ಕೋಪ ಯಾಕಕ್ಕಾ? ಒಳ್ಳೇವರು. ಆದ್ರೆ ನನಗೆ ಆಗಲ್ಲ."

"ಯಾಕಾಗಲ್ಲ?"

ಅವಳು ಯಂತ್ರದ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದಳು. ಆಮೇಲೆ ಹೇಳಿದಳು. "ನಮ್ಮನೇವ್ರು ಹೊಡೀತಿರ್ಲಿಲ್ಲ, ಬೈತಿರ್ಲಿಲ್ಲ. ಮನೇಲಿ ಎಲ್ಲಾ ಇತ್ತು. ಎಲ್ಲಕ್ಕೂ ಬೀಗ ಇತ್ತು. ಸಕ್ಕರೆ ಡಬ್ಬಕ್ಕೆ ಬೀಗ, ದಾರದ ಉಂಡೆಗೆ ಬೀಗ. ನಾನು ಹೊಲಿಯೋಕೆ ಕೂತ್ರೆ ಬಂದು ದಾರ ಅಳೆದು ಕೊಡೋರು. ಎಂಜಲು ಕೈಯಲ್ಲಿ ಕಾಗೆ ಓಡಿಸೋರಲ್ಲ ಅಂತಾರಲ್ಲ, ಹಾಗೆ. ಹೋದ ಮೇಲೆ ಆ ಬೀಗಗಳನ್ನೆಲ್ಲ ಗುಜರಿಗೆ ಹಾಕ್ದೆ. ಇನ್ನೊಂದು ಸಲ ಕೈಬಿಗಿ ಗಂಡಸಿನ ಜೊತೆ ಬಾಳೋಕೆ ನನ್ನ ಕೈಲಾಗಲ್ಲಕ್ಕಾ."

"ಕೈಬಿಗಿ? ನನ್ನ ತಮ್ಮನಾ? ಯಾರು ಹೇಳಿದ್ದು?"

"ಮೇಸ್ತ್ರಿನೇ ಹೇಳಿದ್ರು. ಹತ್ತಿರದಿಂದ ನೋಡಿದೋರು ಅಂತ ನಾನೇ ಕೇಳ್ದೆ. 'ಅವನ ಹಾಗೆ ಕೈಬಿಗಿ ಆಸಾಮಿ ಈ ಬೀದಿಯಲ್ಲೇ ಇನ್ನೊಬ್ಬ ಇಲ್ಲ' ಅಂದ್ರು. ನಗ್ತಾ ನಗ್ತಾ ಅಂದ್ರು."

ನನ್ನ ತಮ್ಮನಿಗೆ ಇಲ್ಲ ಎನ್ನುವುದೇ ಬಾರದು. ಮಳೆಯಲ್ಲಿ ಕೊಡೆ ಕೇಳಿದವರಿಗೆ ಕೊಟ್ಟು ತಾನು ನೆನೆದುಕೊಂಡು ಬರುವವನು. ಆದರೆ ಅವಳಿಗೆ ನಾನು ಹೇಳಿದರೆ ನಂಬುತ್ತಾಳೆಯೇ? ಹೆತ್ತವರಿಗೆ ಹೆಗ್ಗಣ ಮುದ್ದು, ಅಕ್ಕನಿಗೆ ತಮ್ಮ ಮುದ್ದು. ಸ್ಟೂಲಿನ ಕವರನ್ನು ಅಲ್ಲೇ ಬಿಟ್ಟು ರಸ್ತೆ ದಾಟಿ ಗ್ಯಾರೇಜಿಗೆ ನುಗ್ಗಿದೆ. ನನ್ನ ತಮ್ಮ ಯಾವುದೋ ಗಾಡಿ ನೋಡಲು ಹೊರಗೆ ಹೋಗಿದ್ದ, ಪುಣ್ಯ. ಮೇಸ್ತ್ರಿ ಚಹಾ ಕುಡಿಯುತ್ತಿದ್ದರು.

"ಏನ್ರೀ ಮೇಸ್ತ್ರಿ, ನನ್ನ ತಮ್ಮ ನಿಮಗೇನು ಅನ್ಯಾಯ ಮಾಡಿದ್ದ? ಬಾಯಿಗೆ ಬಂದ ತುತ್ತು ಮಣ್ಣು ಮಾಡಿದ್ರಲ್ಲ!"

"ಅಯ್ಯೋ, ನಾನೇನು ಮಾಡ್ದೆ?"

"ಸೀಟಮ್ಮನ ಹತ್ರ ಏನು ಹೇಳಿದ್ರಿ?"

"ಹೊಗಳಿದೆ ಕಣಮ್ಮಾ! ಬಾಯ್ತುಂಬ ಹೊಗಳಿದೆ! ಅವನಂಥ ಕೈಬಿಗಿ ಆಸಾಮಿ ಇಲ್ಲ ಅಂದೆ."

"ಕೈಬಿಗಿ ಅಂದ್ರೆ ಜಿಪುಣ ಅಂತ ಅಲ್ವೇನ್ರೀ?"

ಮೇಸ್ತ್ರಿ ಲೋಟ ಕೆಳಗಿಟ್ಟರು. ಅವರ ಮುಖ ನೋಡಬೇಕಿತ್ತು ನೀನು. "ಜಿಪುಣ? ಯಾರು ಹೇಳಿದ್ದು? ಕೈಬಿಗಿ ಅಂದ್ರೆ… ಕೈಯಲ್ಲಿ ಬಿಗಿ ಮಾಡೋದು! ಫಿಲ್ಟರ್ ಹಾಕುವಾಗ ಪಾನಾ ಮುಟ್ಟಬಾರದು, ಕೈಯಲ್ಲೇ ಹಾಕ್ಬೇಕು, ಅಷ್ಟೇ ಬಿಗಿ ಸಾಕು. ಅದಕ್ಕೆ ನಾವು ಕೈಬಿಗಿ ಅಂತೀವಿ. ಆ ಹದ ಎಲ್ಲರಿಗೂ ಬರಲ್ಲ. ಇವನಿಗೆ ಬಂದಿದೆ."

ನೋಡು ಹೇಗಿದೆ. ಒಂದೇ ರಸ್ತೆ, ಆಚೆ ಬದಿಯಲ್ಲಿ ಒಂದು ಮಾತು ಬೈಗುಳ, ಈಚೆ ಬದಿಯಲ್ಲಿ ಅದೇ ಮಾತು ಬಿರುದು. ಮೇಸ್ತ್ರಿ ಎದ್ದು ನಿಂತರು. "ಈಗಲೇ ಹೋಗಿ ಹೇಳ್ತೀನಿ."

"ನೀವು ಬಾಯಿ ಬಿಟ್ಟಿದ್ದು ಸಾಕು, ಕೂತ್ಕೊಳ್ಳಿ" ಎಂದೆ. ಯೋಚನೆ ಮಾಡಿದೆ. ಈಗ ಹೋಗಿ ಹೀಗಲ್ಲ ಹಾಗೆ ಎಂದರೆ, ಮೂವರೂ ಸೇರಿ ಮಾತು ತಿರುಚುತ್ತಿದ್ದೇವೆ ಎಂದೇ ಅವಳಿಗೆ ಅನಿಸುತ್ತದೆ. ಸುಟ್ಟುಕೊಂಡವಳು. ಕಿವಿಯಲ್ಲಿ ಹೊಕ್ಕಿದ್ದನ್ನು ಕಣ್ಣಿಂದಲೇ ತೆಗೆಯಬೇಕು.

ಮರುದಿನ ಗ್ಯಾರೇಜಿನಲ್ಲಿದ್ದ ಒಂದು ವ್ಯಾನಿನ ಸೀಟುಗಳ ಅಳತೆ ತೆಗೆದುಕೊಳ್ಳಬೇಕು ಎಂದು ಮೇಸ್ತ್ರಿ ಅವಳಿಗೆ ಹೇಳಿಕಳಿಸಿದರು. ಕೆಲಸ ಸುಳ್ಳಲ್ಲ, ಸೀಟು ನಿಜವಾಗಿಯೂ ಹರಿದಿತ್ತು. ನಾನೂ ಯಾವುದೋ ಕಾರಣ ಹೇಳಿಕೊಂಡು ಹೋಗಿ ಟೈರುಗಳ ಮೇಲೆ ಕೂತಿದ್ದೆ. ಅವಳು ಬಂದಳು, ಯಾರ ಮುಖವನ್ನೂ ನೋಡದೆ ವ್ಯಾನಿನೊಳಗೆ ಹತ್ತಿ ಟೇಪು ಹಿಡಿದಳು. ಪಕ್ಕದಲ್ಲಿ ಜಾಕ್ ಮೇಲೆ ಎತ್ತಿ ನಿಲ್ಲಿಸಿದ್ದ ಗಾಡಿಯ ಅಡಿಯಲ್ಲಿ ನನ್ನ ತಮ್ಮ ಮಲಗಿಕೊಂಡಿದ್ದ. ಅವನಿಗೆ ನಾವು ಏನೂ ಹೇಳಿರಲಿಲ್ಲ. ಹೇಳಿದ್ದರೆ ಅಂದು ರಜೆ ಹಾಕುತ್ತಿದ್ದ.

ಫಿಲ್ಟರ್ ಹಟ ಹಿಡಿದಿತ್ತು. ಇವನು ಅವಳು ಹೊಲಿದ ಪಟ್ಟಿಯನ್ನು ಸುತ್ತಿ ಸರಳು ತಿರುಗಿಸಿದ. ಪಟ್ಟಿ ಕಿರುಗುಟ್ಟಿತು. ಅವಳು ಅಳತೆ ನಿಲ್ಲಿಸಿ ಕಿಟಕಿಯಿಂದ ನೋಡಿದಳು. ತನ್ನ ಹೊಲಿಗೆ ತಡೆಯುತ್ತದೆಯೋ ಇಲ್ಲವೋ ಎಂದು ನೋಡದೆ ಇರುವುದಕ್ಕೆ ಯಾವ ಹೊಲಿಗೆಯವಳಿಂದ ಆಗುತ್ತದೆ? ತಡೆಯಿತು. ಡಬ್ಬಿ ಕೊಸರಾಡಿ ತಿರುಗಿತು. ಇವನು ಅದನ್ನು ತೆಗೆದು, ಇಂಜಿನ್ನಿನ ಬಾಯಿಗೆ ಬೆರಳು ಆಡಿಸಿ ಹಳೆಯ ರಬ್ಬರಿನ ಉಂಗುರ ಅಲ್ಲೇ ಅಂಟಿಕೊಂಡಿದೆಯೇ ನೋಡಿದ. ಬಟ್ಟೆಯಲ್ಲಿ ಒರೆಸಿದ. ಹೊಸ ಡಬ್ಬಿಯ ಉಂಗುರಕ್ಕೆ ಬೆರಳಲ್ಲಿ ಒಂದಿಷ್ಟು ಹೊಸ ಎಣ್ಣೆ ಸವರಿದ, ಮಗುವಿನ ನೆತ್ತಿಗೆ ಹಚ್ಚಿದ ಹಾಗೆ. ಕೈಯಲ್ಲಿ ತಿರುಗಿಸಿದ. ತಾಗಿತು. ಅಲ್ಲಿಂದ ಮುಕ್ಕಾಲು ಸುತ್ತು. ಬಿಟ್ಟ.

"ಏನೋ ಗುಮ್ಮ, ಆಯ್ತೇನೋ?" ಎಂದು ಮೇಸ್ತ್ರಿ ಬೇಕೆಂದೇ ಕೂಗಿದರು.

"ಆಯ್ತು. ಕೈಬಿಗಿ" ಎಂದ ಅಡಿಯಿಂದ.

ಸೀಟಮ್ಮ ವ್ಯಾನಿನಿಂದ ಇಳಿದಳು. ಟೇಪು ಕೈಯಲ್ಲೇ ಇತ್ತು. ಬಗ್ಗಿ ನೋಡಿದಳು. "ಏನಂದ್ರಿ?"

ಇವನಿಗೆ ಅವಳು ಅಲ್ಲಿರುವುದೇ ಗೊತ್ತಿರಲಿಲ್ಲ. ಎದ್ದೇಳಲು ಹೋಗಿ ಹಣೆ ತಾಗಿಸಿಕೊಂಡ. "ಕೈಬಿಗಿ" ಎಂದ ಮತ್ತೆ, ಹಣೆ ಉಜ್ಜಿಕೊಳ್ಳುತ್ತಾ.

"ಇಷ್ಟೇನಾ? ಬಿಚ್ಚೋಕೆ ಅಷ್ಟು ದೊಡ್ಡ ಸಾಮಾನು ಹಾಕಿದ್ರಿ. ಹಾಕುವಾಗ ಅದರಲ್ಲೇ ಇನ್ನೊಂದು ಸಲ ಬಿಗಿ ಮಾಡಲ್ವಾ?"

ಆಗ ನನ್ನ ತಮ್ಮ ತನ್ನ ಜೀವಮಾನದ ಅತಿ ಉದ್ದದ ಮಾತು ಆಡಿದ.

"ಮಾಡಬಹುದು. ಆದ್ರೆ ರಬ್ಬರ್ ನಲುಗಿ ಸೋರುತ್ತೆ. ಸೋರದೇ ಇದ್ರೂ, ಮುಂದೆ ಯಾರೋ ಬಿಚ್ಚಬೇಕಲ್ಲ. ಅವರ ಕೈ ಹೇಗಿರುತ್ತೋ. ಈಗ ಇದನ್ನೇ ನೋಡಿ, ಹಿಂದೆ ಯಾರೋ ಬಲ ತೋರಿಸಿದ್ರು, ನಾನು ಹೆಣಗಾಡ್ದೆ. ನಿಲ್ಲೋವಷ್ಟು ಬಿಗಿ ಇದ್ರೆ ಸಾಕು. ಅದಕ್ಕಿಂತ ಜಾಸ್ತಿ ಯಾಕೆ?"

ಅವಳು ಎಣ್ಣೆ ಮೆತ್ತಿದ ಅವನ ಅಂಗೈಯನ್ನೇ ನೋಡುತ್ತಿದ್ದಳು, ಮಡಚಲಾಗದ ಆ ಹೆಬ್ಬೆರಳನ್ನು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿದಳು. ಮೇಸ್ತ್ರಿ ತಮಗೆ ಗಾಡಿಗಳ ವಿನಾ ಪ್ರಪಂಚವೇ ಗೊತ್ತಿಲ್ಲ ಎನ್ನುವವರ ಹಾಗೆ ಒಂದು ನಟ್ಟನ್ನು ಪರೀಕ್ಷೆ ಮಾಡುತ್ತಿದ್ದರು. ನನ್ನ ಕಡೆ ತಿರುಗಿದಳು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

"ಇದಕ್ಕಾ ಕೈಬಿಗಿ ಅನ್ನೋದು ನೀವು?"

"ಹೂಂ. ಯಾಕೆ?" ಎಂದ ಪಾಪದವನು.

ಅವಳಿಗೆ ನಗು ಬಂತೋ ಅಳು ಬಂತೋ, ಎರಡೂ ಒಟ್ಟಿಗೆ ಬಂದವು. ಆದರೂ ಹುಷಾರಿನ ಹೆಣ್ಣು, ಅಷ್ಟಕ್ಕೇ ಕರಗಲಿಲ್ಲ. ಮಾತಿನ ಅರ್ಥ ಬದಲಾದರೆ ಮನುಷ್ಯ ಎಂಥವನು ಎಂದು ತಿಳಿದಂತಾಯಿತೇ? ಅಲ್ಲೇ, ಎಲ್ಲರ ಎದುರಿಗೆ ಕೇಳಿಬಿಟ್ಟಳು.

"ಒಂದು ಮಾತು ಹೇಳಿ. ಮದುವೆ ಆದ್ರೆ ನನ್ನ ಅಂಗಡಿ ಬೀಗದ ಕೈ ಯಾರ ಹತ್ರ ಇರುತ್ತೆ?"

"ನಿಮ್ಮ ಅಂಗಡಿದು ನನಗ್ಯಾಕೆ?"

"ಮನೇದು?"

ಇವನು ಯೋಚನೆ ಮಾಡಿದ. ಎಷ್ಟು ಯೋಚನೆ ಮಾಡಿದ ಎಂದರೆ ನಾನು ಎದ್ದು ಹೋಗಿ ತಲೆಗೆ ಮೊಟಕಬೇಕು ಎಂದುಕೊಂಡೆ. ಕೊನೆಗೆ, "ಎರಡು ಮಾಡಿಸೋಣ" ಎಂದ. ಮತ್ತೆ, ಏನೋ ಮರೆತವನ ಹಾಗೆ, "ಒಳಗಡೆ ಯಾವುದಕ್ಕೂ ಬೀಗ ಇಲ್ಲ. ನನ್ನ ಹತ್ರ ಬೀಗ ಹಾಕೋವಂಥದ್ದು ಏನೂ ಇಲ್ಲ" ಎಂದ.

"ಮೂರು ಮಾಡಿಸಿ" ಎಂದಳು ಸೀಟಮ್ಮ, ನನ್ನ ಕಡೆ ನೋಡದೆಯೇ ಗಲ್ಲದಿಂದ ತೋರಿಸುತ್ತಾ. "ನಿಮ್ಮಕ್ಕ ಹೇಗೂ ಕೇಳದೇ ಒಳಗೆ ಬರ್ತಾರೆ."

ಮೇಸ್ತ್ರಿ ಎಷ್ಟು ಜೋರಾಗಿ ನಕ್ಕರು ಎಂದರೆ, ಎದುರಿನ ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ನಾನು ಬೈದೆ, ಯಾರನ್ನು ಬೈದೆನೋ ನನಗೇ ಗೊತ್ತಿಲ್ಲ.

ಅವರ ಸಂಸಾರದಲ್ಲಿ ಜಗಳವೇ ಇಲ್ಲ ಎಂದು ಬರೆಯಬೇಡ, ಓದುವವರು ನಂಬುವುದಿಲ್ಲ. ಅವಳು ಮಾತಿನ ಮಲ್ಲಿ, ಇವನು ಮೌನದ ಮುದ್ದೆ. ಅವಳು ಬೈಯುತ್ತಾ ಬೈಯುತ್ತಾ ಅವನ ಪಾಲಿನ ಮಾತನ್ನೂ ತಾನೇ ಆಡಿ, ತಾನೇ ಉತ್ತರ ಕೊಟ್ಟು, ತಾನೇ ರಾಜಿಯಾಗಿಬಿಡುತ್ತಾಳೆ. ಆದರೆ ನಾನು ಒಂದನ್ನು ಗಮನಿಸಿದ್ದೇನೆ. ಅವಳು ಬೆಳಿಗ್ಗೆ ಅಂಗಡಿಗೆ ಹೊರಟರೆ ಎಷ್ಟು ಹೊತ್ತಿಗೆ ಬರುತ್ತೀಯ ಎಂದು ಅವನು ಕೇಳುವುದಿಲ್ಲ. ಅವಳೇ ಬಾಗಿಲಿನಿಂದ ಹಿಂದಿರುಗಿ ಹೇಳಿಹೋಗುತ್ತಾಳೆ. ನಾನು ನಿನ್ನ ತಾತನಿಗೆ ಹಾಗೆ ಹೇಳಿಹೋದದ್ದು ಕಡಿಮೆ, ಅವರು ಕೇಳಿದ್ದೇ ಜಾಸ್ತಿ. ಬಿಗಿ ಎನ್ನುವುದು ಎಷ್ಟಿರಬೇಕು ಎನ್ನುವುದನ್ನು ಯಾವ ಅಂಗಡಿಯವನೂ ಅಳೆದುಕೊಡುವುದಿಲ್ಲ ಮಗಳೇ. ಕೈಗೇ ಗೊತ್ತಾಗಬೇಕು.

ಸಾಕು, ಪೆನ್ನು ಮುಚ್ಚು, ನನಗೂ ಗಂಟಲು ಒಣಗಿತು. ಏಳು ಈಗ. ವ್ಯಾನು ಆಮೇಲೆ. ಮೊದಲು ತಿರುವಿನ ಅಂಗಡಿಗೆ ಹೋಗಿ ಕಪ್ಪು ನೈಲಾನ್ ದಾರದ ದೊಡ್ಡ ಉಂಡೆ ತಗೊಂಡು ಸೀಟಮ್ಮನಿಗೆ ಕೊಟ್ಟು ಬಾ. ಬಸ್ಸಿನ ಸೀಟುಗಳ ಕೆಲಸ ಅರ್ಧಕ್ಕೆ ನಿಂತಿದೆ ಎಂದು ಬೆಳಿಗ್ಗೆಯೇ ಹೇಳಿಕಳಿಸಿದ್ದಳು, ನಾನು ಮಾತಾಡುತ್ತಾ ಕೂತೆ. ತೆಳ್ಳಗಿನದು ಕೊಟ್ಟರೆ ತರಬೇಡ, ದಪ್ಪದ್ದೇ ಕೇಳು. ಛತ್ರಿ ತಗೊಂಡು ಹೋಗು.